ಸುರಂಗ ನಿಲ್ದಾಣದಿಂದ ಬಚ್ಚಲುಮನೆಗೆ ಬಂದ ಬಿಳಿ ಟೈಲ್

ಚಿಕ್ಕ ಬಚ್ಚಲುಮನೆಯ ಗೋಡೆಗೆ ಟೈಲ್ಸ್ ಹುಡುಕಿಕೊಂಡು ಅಂಗಡಿಗೆ ಹೋದರೆ ಈಗ ತಪ್ಪದೆ ಎದುರಾಗುವುದು ಸಬ್‌ವೇ ಟೈಲ್. ಮೂರಿಂಚು ಅಗಲ, ಆರಿಂಚು ಉದ್ದ, ಮಿರುಗುವ ಬಿಳುಪು. ಕೆಳಸಾಲಿನ ಸಂದು ಮೇಲುಸಾಲಿನ ಟೈಲಿನ ನಟ್ಟನಡುವೆ ಬರುವಂತೆ, ಇಟ್ಟಿಗೆ ಗೋಡೆ ಕಟ್ಟುವ ಕ್ರಮದಲ್ಲೇ ಇದನ್ನು ಕೂರಿಸುತ್ತಾರೆ. ಹೊಸ ಫ್ಯಾಷನ್ ಎಂದು ಹಲವರು ತಿಳಿದಿದ್ದಾರೆ. ಆದರೆ ಇದಕ್ಕೆ ನೂರಿಪ್ಪತ್ತು ವರ್ಷ ದಾಟಿದೆ. ನೆಲದಡಿಯ ಕತ್ತಲು ಮತ್ತು ಸಾಂಕ್ರಾಮಿಕದ ಭಯ, ಇವೆರಡನ್ನೂ ಎದುರಿಸಲೆಂದು ಬಳಕೆಗೆ ಬಂದ ವಸ್ತು ಇದು. ಆ ಕಾರಣವನ್ನು ತಿಳಿದುಕೊಂಡರೆ ಮನೆಯಲ್ಲಿ ಇದನ್ನು ಹೇಗೆ ಹಾಕಿಸಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಕಥೆ ಶುರುವಾಗುವುದು ಗುಂಡಿಗಳಿಂದ, ಅಂಗಿಯ ಗುಂಡಿಗಳಿಂದ. 1840ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ರಾಸರ್ ಎಂಬಾತ ಜೇಡಿಮಣ್ಣಿನ ಒಣಪುಡಿಯನ್ನು ಅಚ್ಚಿನಲ್ಲಿ ಬಲವಾಗಿ ಒತ್ತಿ ಗುಂಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಪಿಂಗಾಣಿ ಉದ್ಯಮಿ ಹರ್ಬರ್ಟ್ ಮಿಂಟನ್ ಅದೇ ವಿಧಾನವನ್ನು ಟೈಲ್ಸ್‌ಗೆ ಬಳಸಿದ. ಹಸಿಮಣ್ಣಿನ ಬಿಲ್ಲೆ ಒಣಗುವಾಗ ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಒಣಪುಡಿಯದು ಹೆಚ್ಚು ಕುಗ್ಗುವುದಿಲ್ಲ, ಒಂದರಂತೆ ಇನ್ನೊಂದು ಬರುತ್ತದೆ. ಅಳತೆ ಒಂದೇ ಆದ ಮೇಲೆ ಸಂದುಗಳನ್ನು ಕೂದಲೆಳೆಯಷ್ಟು ಕಿರಿದಾಗಿ ಬಿಡಲು ಸಾಧ್ಯವಾಯಿತು. ಮಿಂಟನ್ ಟೈಲ್ಸ್ ಅರಮನೆಯ ಹಾಲಿನ ಮನೆಯನ್ನೂ ಸೇರಿತು. ವಿಂಡ್ಸರ್ ಬಳಿಯ ಫ್ರಾಗ್‌ಮೋರ್‌ನಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಕಟ್ಟಿಸಿದ ಡೈರಿಯ ಗೋಡೆಗಳಿಗೆಲ್ಲ ಅದೇ. ಹಾಲು ಚೆಲ್ಲಿದರೆ ಒರೆಸಿದರಾಯಿತು, ಹುಳಿವಾಸನೆ ಗೋಡೆಗೆ ಹಿಡಿಯುವುದಿಲ್ಲ.

1882ರಲ್ಲಿ ರಾಬರ್ಟ್ ಕಾಕ್ ಕ್ಷಯರೋಗದ ಬ್ಯಾಕ್ಟೀರಿಯಾವನ್ನು ತೋರಿಸಿಕೊಟ್ಟ ಮೇಲೆ ಊರುಗಳ ಆಡಳಿತದ ದೃಷ್ಟಿಯೇ ಬದಲಾಯಿತು. ಕಣ್ಣಿಗೆ ಕಾಣದ ಶತ್ರು ಧೂಳಿನಲ್ಲಿದೆ, ಎಂಜಲಿನಲ್ಲಿದೆ ಎಂಬ ಅರಿವು ಹರಡಿತು. ನ್ಯೂಯಾರ್ಕ್ ನಗರ 1896ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಉಗುಳುವುದನ್ನು ನಿಷೇಧಿಸಿತು. ಅದೇ ಕಾಲಕ್ಕೆ ನಮ್ಮಲ್ಲಿ 1898ರ ಪ್ಲೇಗು ಬೆಂಗಳೂರನ್ನು ನಡುಗಿಸಿತ್ತು. ಗಾಳಿ ಬೆಳಕಿನ ಬೀದಿಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯಲು ಆ ಭಯವೂ ಕಾರಣ. ಬೆಂಗಳೂರಿಗೆ ಹೊರಗೆ ಹರಡಿಕೊಳ್ಳಲು ಜಾಗವಿತ್ತು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದಲ್ಲಿ ಜಾಗವಿರಲಿಲ್ಲ, ಅಲ್ಲಿಯ ರೈಲು ನೆಲದೊಳಕ್ಕೆ ಇಳಿಯಿತು.

ಸಬ್‌ವೇ ಎಂದು ಅಲ್ಲಿಯವರು ಕರೆಯುವ ಆ ಸುರಂಗ ರೈಲು ಓಡತೊಡಗಿದ್ದು 1904ರ ಅಕ್ಟೋಬರ್ 27ರಂದು. ಟಿಕೆಟ್ಟಿಗೆ ಐದು ಸೆಂಟ್. ಮೊದಲ ಸಂಜೆಯೇ ಲಕ್ಷಕ್ಕೂ ಹೆಚ್ಚು ಜನ ಕೆಳಗಿಳಿದರು. ನೆಲದಡಿಗೆ ಹೋಗುವುದೆಂದರೆ ತೇವ, ಕೊಳಕು, ಉಸಿರುಕಟ್ಟು ಎಂಬ ಅಳುಕು ಜನರಲ್ಲಿತ್ತು. ಅದನ್ನು ಹೋಗಲಾಡಿಸುವ ಹೊಣೆ ಹೈನ್ಸ್ ಮತ್ತು ಲಾಫಾರ್ಜ್ ಎಂಬ ವಾಸ್ತುಶಿಲ್ಪಿ ಜೋಡಿಯದು. ಆಗಿನ ಬಲ್ಬುಗಳ ಬೆಳಕು ಮಂದ. ಆ ಬೆಳಕನ್ನು ನುಂಗದೆ ಮರಳಿಸುವ ಗೋಡೆ ಬೇಕಿತ್ತು. ಬಿಳಿ ಟೈಲ್ ಆ ಕೆಲಸ ಮಾಡಿತು.

ಟೈಲ್ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಆ ನಿಲ್ದಾಣಗಳಲ್ಲಿ ಗೋಡೆಯ ಬುಡಕ್ಕೆ ಗಟ್ಟಿ ಇಟ್ಟಿಗೆ ಅಥವಾ ಅಮೃತಶಿಲೆ, ಅದರ ಮೇಲಿಂದ ಟೈಲ್. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಸಿಮೆಂಟಿನಿಂದ ದುಂಡಗೆ ತೀಡಿದ್ದರು, ಕೊಳೆ ಕೂರಲು ಎಡೆಯೇ ಇಲ್ಲದಂತೆ. ನೆಲಕ್ಕೆ ಇಳಿಜಾರು, ನೀರು ಹರಿದುಹೋಗಲು ಗುಂಡಿ, ಪೈಪು ಸಿಕ್ಕಿಸಿ ತೊಳೆಯಲು ನಲ್ಲಿ. ಇಡೀ ನಿಲ್ದಾಣವನ್ನು ನೀರು ಬಿಟ್ಟು ತೊಳೆಯಬೇಕು ಎಂಬ ಲೆಕ್ಕದಲ್ಲೇ ಕಟ್ಟಿದ್ದರು. ನನ್ನನ್ನು ಬೆರಗುಗೊಳಿಸುವುದು ಆ ದುಂಡು ಮೂಲೆಯೇ.

ಬಣ್ಣಕ್ಕೂ ಜಾಗ ಕೊಟ್ಟಿದ್ದರು, ಆದರೆ ಅಳೆದು. ಬಿಳಿಯ ವಿಸ್ತಾರದ ಮೇಲ್ಭಾಗದಲ್ಲಿ ಒಂದು ಪಟ್ಟಿ, ಅಲ್ಲಲ್ಲಿ ಉಬ್ಬುಚಿತ್ರದ ಫಲಕ. ಆಸ್ಟರ್ ಪ್ಲೇಸ್ ನಿಲ್ದಾಣದ ಫಲಕದಲ್ಲಿ ಬೀವರ್ ಎಂಬ ನೀರುಪ್ರಾಣಿ ಮರ ಕಡಿಯುತ್ತಿದೆ. ಆ ಜಾಗಕ್ಕೆ ಹೆಸರು ಕೊಟ್ಟ ಜಾನ್ ಜೇಕಬ್ ಆಸ್ಟರ್ ಸಿರಿವಂತನಾದದ್ದು ತುಪ್ಪಟದ ವ್ಯಾಪಾರದಿಂದ, ಹಾಗಾಗಿ ಬೀವರ್. ಕೊಲಂಬಸ್ ಸರ್ಕಲ್‌ನಲ್ಲಿ ಹಾಯಿಹಡಗು. ರೈಲು ಓಡಲಾರಂಭಿಸಿದ ಸ್ವಲ್ಪ ದಿನಕ್ಕೇ ಇಂಥ ಗೋಡೆಗಳ ಮೇಲೆ ಜಾಹೀರಾತು ಫಲಕಗಳನ್ನು ಜಡಿದಾಗ ಊರಿನ ಜನ ಸಿಟ್ಟಿಗೆದ್ದರು. ಸಿಟ್ಟು ನ್ಯಾಯವಾದದ್ದೇ.

ಪ್ಯಾರಿಸ್ ಇದಕ್ಕೂ ಮೊದಲೇ, 1900ರಲ್ಲಿ, ತನ್ನ ಮೆಟ್ರೋಗೆ ಬಿಳಿ ಟೈಲ್ ಹೊದಿಸಿತ್ತು. ಅಲ್ಲಿಯದಕ್ಕೆ ಅಂಚು ಇಳಿಜಾರು, ಬೆಳಕು ನಾನಾ ಕೋನಗಳಲ್ಲಿ ಚದುರುತ್ತದೆ. ಇಂದು ನಮ್ಮ ಅಂಗಡಿಗಳಲ್ಲಿ ಅಂಚು ಕೆತ್ತಿದ ಟೈಲ್ ಸಿಗುತ್ತದಲ್ಲ, ಅದು ನ್ಯೂಯಾರ್ಕಿನದಲ್ಲ, ಪ್ಯಾರಿಸ್ಸಿನ ಕುಲ.

ಅಮೆರಿಕದ ಮನೆಗಳ ಸ್ನಾನದ ಕೋಣೆ, ಅಡುಗೆಮನೆಗಳಿಗೂ ಈ ಬಿಳುಪು ಹಬ್ಬಿತು. ಮುಂದೆ ಗುಲಾಬಿ, ತಿಳಿಹಸಿರುಗಳ ಕಾಲ ಬಂದು ಬಿಳಿ ಹಿಂದೆ ಸರಿಯಿತು. ನ್ಯೂಯಾರ್ಕ್ ಸಬ್‌ವೇಯಲ್ಲೇ 49ನೇ ಬೀದಿಯ ನಿಲ್ದಾಣಕ್ಕೆ 1973ರಲ್ಲಿ ಕಿತ್ತಳೆಗೆಂಪಿನ ಮೆರುಗಿಟ್ಟಿಗೆ ಹೊದಿಸಿದರು. ಹಳೆಯ ನಿಲ್ದಾಣಗಳ ಜೀರ್ಣೋದ್ಧಾರ ನಡೆದ ಮೇಲೆ ಬಿಳಿ ಮರಳಿತು.

ನಮ್ಮ ಬಚ್ಚಲುಮನೆಯ ದಾರಿಯೇ ಬೇರೆ. ಹಂಡೆ ಒಲೆ ಉರಿಯುತ್ತಿದ್ದ ಕೋಣೆಯಲ್ಲಿ ಬಿಳಿ ಗೋಡೆ ಯಾರಿಗೆ ಬೇಕಿತ್ತು? ಗೋಡೆಗೆ ಹೊಗೆಯ ಮಸಿ, ನೆಲಕ್ಕೆ ಚಪ್ಪಡಿ ಕಲ್ಲು, ಅದೇ ಸರಿಯಾಗಿತ್ತು. ಗೀಸರ್ ಬಂದು ಹೊಗೆ ಹೋದ ಮೇಲೆ ಬಿಳಿ ಟೈಲ್ಸ್ ಬಂತು. ಈಗ ಫ್ಲ್ಯಾಟುಗಳ ಬಾತ್‌ರೂಮು ಎಷ್ಟೋ ಕಡೆ ಐದಡಿಗೆ ಏಳಡಿ, ಗಾಳಿಗೆ ಒಂದು ಸಣ್ಣ ಕಿಂಡಿ. ಕತ್ತಲು, ತೇವ, ಇಕ್ಕಟ್ಟು ಎಲ್ಲ ಆ ಸುರಂಗದ್ದೇ. ಆದ್ದರಿಂದ ಈ ಟೈಲ್ ಅಲ್ಲಿಗೆ ನಿಜಕ್ಕೂ ಒಪ್ಪುತ್ತದೆ.

ಒಪ್ಪುತ್ತದೆ, ಆದರೆ ಸಂದಿನ ಲೆಕ್ಕ ಹಾಕಿಕೊಳ್ಳಬೇಕು. ಅಂಥ ಕೋಣೆಯ ಗೋಡೆಗೆ ಏಳಡಿ ಎತ್ತರ ಹಾಕಿಸಿದರೆ, ಬಾಗಿಲು ಬಿಟ್ಟು, ಸುಮಾರು 150 ಚದರಡಿ. ಚದರಡಿಗೆ ಎಂಟರಂತೆ 1,200 ಟೈಲ್. ಅವುಗಳ ನಡುವಿನ ಸಂದುಗಳ ಒಟ್ಟು ಉದ್ದ ಸುಮಾರು 900 ಅಡಿ! ಒಂದಡಿ ಅಗಲ ಎರಡಡಿ ಉದ್ದದ ಟೈಲ್ಸ್ ಆದರೆ ಇದರ ಕಾಲುಭಾಗ ಸಾಕು. ಟೈಲಿನ ಮೆರುಗು ಗಾಜು, ಅದಕ್ಕೆ ಏನೂ ಆಗುವುದಿಲ್ಲ. ಹಾಳಾಗುವುದು ಸಂದು. ಬಿಳಿ ಸಿಮೆಂಟ್ ತುಂಬಿದ ಸಂದು ನೀರು ಹೀರುತ್ತದೆ, ಕಪ್ಪಾಗುತ್ತದೆ. ಕೊಳವೆಬಾವಿಯ ಗಡಸು ನೀರಿದ್ದರೆ ಮೇಲೆ ಉಪ್ಪಿನ ಪದರ. ಅದನ್ನು ತೆಗೆಯಲು ಆಸಿಡ್ ಸುರಿದರೆ ಸಂದೇ ಸವೆದುಹೋಗುತ್ತದೆ. ನೀರು ಬೀಳುವ ಗೋಡೆಯ ಸಂದುಗಳಿಗೆ ನೀರು ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿ, ದುಬಾರಿಯಾದರೂ ಸರಿ. ಬಣ್ಣ ತಿಳಿಬೂದಿ ಇರಲಿ. ಅಷ್ಟು ಖರ್ಚು ಬೇಡವೆನಿಸಿದರೆ ಷವರ್ ಇರುವ ಗೋಡೆಗೆ ದೊಡ್ಡ ಟೈಲ್ಸ್, ಕನ್ನಡಿ ಇರುವ ಒಂದೇ ಗೋಡೆಗೆ ಸಬ್‌ವೇ ಟೈಲ್ಸ್ ಸಾಕು. ಬಣ್ಣದ ಆಸೆಯಿದ್ದರೆ ಮೇಲೊಂದು ಪಟ್ಟಿ ಕೊಡಿ, ಇಕ್ಕಟ್ಟಿನ ಕೋಣೆಗೆ ಅದಕ್ಕಿಂತ ಹೆಚ್ಚು ಭಾರವಾಗುತ್ತದೆ.

ಟೈಲ್ಸ್ ಕೊಳ್ಳುವ ಮೊದಲು ಮೇಸ್ತ್ರಿಯನ್ನು ಕೋಣೆಯೊಳಗೆ ನಿಲ್ಲಿಸಿಕೊಂಡು ಮಾತಾಡಿ. ನೆಲದ ಇಳಿಜಾರು ಯಾವ ಕಡೆಗೆ, ವಾಟರ್ ಪ್ರೂಫಿಂಗ್ ಆಯಿತೇ, ತುಂಡು ಟೈಲ್ ಯಾವ ಮೂಲೆಗೆ ಬರುತ್ತದೆ, ಮೂಲೆಯನ್ನು ದುಂಡಗೆ ತೀಡಲು ಆಗುತ್ತದೆಯೇ ಎಂದು ಕೇಳಿ. ಬಿಳುಪಿನ ಆಯ್ಕೆ ಆಮೇಲೆ ಮಾಡಿದರೂ ತಡವಾಗುವುದಿಲ್ಲ.