ಹಳೆಯ ಕೈಗಡಿಯಾರ, ಹೊಸ ಹೊಳಪು

(ಮುಂಬಯಿಯಲ್ಲಿ ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ಮಾತು ಬಿಟ್ಟು ಇವನು ಗಡಿಯಾರದ ಮಾತೆತ್ತಿದನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣವನ್ನು ಮೊದಲೇ ಅರಿಕೆ ಮಾಡುತ್ತೇನೆ. ಉತ್ಥಾನ ದ್ವಾದಶಿ ಕಳೆದೊಡನೆ ಮದುವೆಗಳ ಕಾಲ ಬರುತ್ತದೆ. ಮದುಮಗನಿಗೋ, ಕೆಲಸಕ್ಕೆ ಸೇರಿದ ಮಗಳಿಗೋ, ನಿವೃತ್ತರಾಗುವ ತಂದೆಗೋ ಒಂದು ಒಳ್ಳೆಯ ಕೈಗಡಿಯಾರ ಕೊಡಬೇಕೆಂಬ ಆಸೆ ನಮ್ಮ ಮನೆಗಳಲ್ಲಿ ಹುಟ್ಟುತ್ತದೆ. ಹೊಸ ಸ್ವಿಸ್ ಗಡಿಯಾರದ ಬೆಲೆ ಕೇಳಿ ಹಿಂದೆಗೆದವರು ಸೆಕೆಂಡ್ ಹ್ಯಾಂಡ್ ಗಡಿಯಾರದ ಕಡೆಗೆ ನೋಡುತ್ತಾರೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಅಲ್ಲಿ ಹೋಗುವ ಹಣ ಸಣ್ಣದಲ್ಲ. ತಿಂಗಳು ತಿಂಗಳು ಕೂಡಿಟ್ಟ ಹಣ. ಅದು ಸುಳ್ಳಿನ ಮೇಲೆ ಸುರಿದುಹೋಗಬಾರದು. ಅದಕ್ಕಾಗಿ ಈ ನಾಲ್ಕು ಮಾತು.

ಡ್ರೆಸ್ ವಾಚು ಎಂದರೆ ಸಮಾರಂಭಗಳಿಗೆ ಕಟ್ಟಿಕೊಳ್ಳುವ, ಅಂಗಿಯ ತೋಳಿನ ಕೆಳಗೆ ಸದ್ದಿಲ್ಲದೆ ಸೇರಿಕೊಳ್ಳುವ ತೆಳು ಗಡಿಯಾರ. ಎರಡು ಇಲ್ಲವೆ ಮೂರು ಮುಳ್ಳು, ಸರಳವಾದ ಮುಖ, ಚರ್ಮದ ಪಟ್ಟಿ. 1950ರ, 1960ರ ದಶಕಗಳಲ್ಲಿ ತಯಾರಾದವು ಅಡ್ಡಳತೆಯಲ್ಲಿ ಸಾಮಾನ್ಯವಾಗಿ 33ರಿಂದ 36 ಮಿಲಿಮೀಟರು. ಅವುಗಳಲ್ಲಿ ಹೆಚ್ಚಿನವಕ್ಕೆ ದಿನವೂ ಕೀ ಕೊಡಬೇಕು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದ ಮೇಲೆ ನಿಖರತೆಯಲ್ಲಿ ಕೀ ಗಡಿಯಾರ ಸೋತಿತು. ಈಗ ಜೇಬಿನ ಫೋನೇ ಸರಿಯಾದ ವೇಳೆ ಹೇಳುತ್ತದೆ. ಹಾಗಾದರೆ ಇಷ್ಟು ಹಣ ಕೊಟ್ಟು ನಾವು ಕೊಳ್ಳುವುದೇನನ್ನು? ಒಬ್ಬ ಕುಶಲಕರ್ಮಿಯ ಕೈಕೆಲಸವನ್ನು. ಆ ಕೆಲಸ ಅದರಲ್ಲಿ ಇನ್ನೂ ಉಳಿದಿದೆಯೆ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಇಲ್ಲಿಯೇ ನಮ್ಮ ಅಭ್ಯಾಸ ನಮಗೆ ಅಡ್ಡ ಬರುತ್ತದೆ. ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಎನ್ನಿಸಿದರೆ ನಮಗೆ ಸಮಾಧಾನ. ಹೊಳೆಯುವುದೇ ಒಳ್ಳೆಯದೆಂದು ನಮ್ಮ ಕಣ್ಣು ಕಲಿತಿದೆ. ಹಳೆಯ ಗಡಿಯಾರದ ಮಟ್ಟಿಗೆ ಈ ಪಾಠ ತಿರುಗುಮುರುಗು. ಅರುವತ್ತು ವರ್ಷದ ಗಡಿಯಾರದ ಮುಖ ನಿನ್ನೆ ಮಾಡಿದಂತೆ ಬೆಳ್ಳಗಿದ್ದರೆ ಅನುಮಾನಪಡಬೇಕು. ಕೆನೆಬಣ್ಣಕ್ಕೆ ತಿರುಗಿದ, ಅಂಚಿನಲ್ಲಿ ಒಂದೆರಡು ಚುಕ್ಕೆ ಬಿದ್ದ, ಆದರೆ ಕಾರ್ಖಾನೆಯಿಂದ ಹೊರಟಂತೆಯೇ ಇರುವ ಮುಖಕ್ಕೆ ಬಲ್ಲವರು ಹೆಚ್ಚು ಬೆಲೆ ಕೊಡುತ್ತಾರೆ. ಬಣ್ಣ ಬಳಿದ ಮುಖದ ಬೆಲೆ ಇಳಿದುಹೋಗುತ್ತದೆ.

ಈ ವಿಷಯದಲ್ಲಿ ನಾವಿರುವ ಊರಿಗೆ ಒಂದು ಕೆಟ್ಟ ಹೆಸರೂ ಬಂದಿದೆ. ಮುಖಕ್ಕೆ ಹೊಸ ಬಣ್ಣ ಬಳಿದು, ನಾಲ್ಕು ಗಡಿಯಾರಗಳ ಭಾಗ ಕೂಡಿಸಿ ಒಂದು ಮಾಡಿದ ಸರಕನ್ನು ಹೊರದೇಶದ ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಕರೆಯುತ್ತಾರೆ. ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಸ್ವಾತಂತ್ರ್ಯಾನಂತರ ಬಹುಕಾಲ ವಿದೇಶಿ ಗಡಿಯಾರಗಳ ಆಮದಿನ ಮೇಲೆ ನಿರ್ಬಂಧವಿತ್ತು, ಬಿಡಿಭಾಗಗಳು ದುರ್ಲಭವಾಗಿದ್ದವು. ರಿಪೇರಿಯವರು ಇದ್ದುದರಲ್ಲೇ ಹೊಂದಿಸಿ ಓಡಿಸಿದರು. ಮಾಸಿದ ಮುಖಕ್ಕೆ ಹೊಸ ಬಣ್ಣ ಬೇಕೆಂದು ಗಿರಾಕಿಗಳೇ ಕೇಳುತ್ತಿದ್ದರು. ಅದು ಪ್ರಾಮಾಣಿಕ ಕಸುಬು. ಅದೇ ಗಡಿಯಾರವನ್ನು ‘ಅಸಲು, ಮುಟ್ಟಿಲ್ಲ’ ಎಂದು ಹೇಳಿ ಮಾರಿದಾಗ ಮೋಸವಾಗುತ್ತದೆ. ದೋಷವಿರುವುದು ಕುಂಚದಲ್ಲಲ್ಲ, ಬಾಯಲ್ಲಿ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಒಮೆಗಾ ಕಂಪನಿ 1939ರಲ್ಲಿ 30 ಮಿಲಿಮೀಟರ್ ಅಗಲದ ಕೀ ಯಂತ್ರವೊಂದನ್ನು ಹೊರತಂದಿತು. 1963ರವರೆಗೆ ಅದರ ನಾನಾ ರೂಪಗಳು ಸುಮಾರು 30 ಲಕ್ಷದಷ್ಟು ತಯಾರಾದವು. ಗಟ್ಟಿಯಾದ, ರಿಪೇರಿಗೆ ಸುಲಭವಾದ ಯಂತ್ರ. ಹೇರಳವಾಗಿದ್ದುದರಿಂದ ಒಳ್ಳೆಯವೂ ಸಿಕ್ಕುತ್ತವೆ, ಕಲಬೆರಕೆಯವೂ ಸಿಕ್ಕುತ್ತವೆ.

ಇಂಥದೊಂದನ್ನು ಕೈಗೆ ತೆಗೆದುಕೊಂಡಾಗ ಮೊದಲು ಭೂತಗನ್ನಡಿ ಹಿಡಿದು ಮುಖ ನೋಡಿ. ಅಕ್ಷರಗಳು ಒಂದೇ ದಪ್ಪವಾಗಿವೆಯೆ? ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ನೇರವಾಗಿವೆಯೆ? ಆರರ ಕೆಳಗೆ ‘ಸ್ವಿಸ್ ಮೇಡ್’ ಎಂಬ ಸಣ್ಣ ಬರಹ ಇರಬೇಕಾದಲ್ಲಿ ಇದೆಯೆ, ವಕ್ರವಾಗಿದೆಯೆ? ಬಣ್ಣ ಗುರುತುಗಳ ಬುಡಕ್ಕೆ ಹತ್ತಿಕೊಂಡಿದೆಯೆ? ಕಾರ್ಖಾನೆಯ ಅಚ್ಚು ನಡುಗುವುದಿಲ್ಲ, ಕೈ ನಡುಗುತ್ತದೆ.

ಎರಡನೆಯದಾಗಿ, ಹಿಂಬದಿಯ ಮುಚ್ಚಳ ತೆಗೆಸಿ. ತೆಗೆಯಲಾರೆ ಎನ್ನುವ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಡಿ. ಆ ಕಾಲದ ಒಮೆಗಾ ಯಂತ್ರಕ್ಕೆ ಸಾಮಾನ್ಯವಾಗಿ ತಾಮ್ರದಂಥ ಕೆಂಪು ಬಣ್ಣವಿರುತ್ತದೆ. ಒಂದು ಭಾಗ ಮಾತ್ರ ಬೆಳ್ಳಗಿದ್ದರೆ ಅದು ಬೇರೆ ಕಡೆಯಿಂದ ಬಂದದ್ದಿರಬಹುದು. ತಿರುಪುಗಳ ತಲೆ ಜಜ್ಜಿದಂತಿದ್ದರೆ ಒರಟು ಕೈಗಳು ಅಲ್ಲಿ ಓಡಾಡಿವೆ. ಯಂತ್ರದ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅದರಿಂದ ತಯಾರಾದ ಕಾಲವನ್ನು ಅಂದಾಜು ಮಾಡಬಹುದು. ಮುಚ್ಚಳದ ಒಳಗಡೆ ಕೇಸಿನ ಮಾದರಿಯ ಸಂಖ್ಯೆ ಇರುತ್ತದೆ. ಇವೆರಡರ ಕಾಲವೂ ಹೊಂದದಿದ್ದರೆ, ತಲೆ ಒಬ್ಬರದು, ದೇಹ ಇನ್ನೊಬ್ಬರದು ಎಂದು ತಿಳಿಯಿರಿ.

ಮೂರನೆಯದು ಕೇಸು. ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳ ಅಂಚು ಚೂಪಾಗಿ ಉಳಿದಿರಬೇಕು. ಪಾಲಿಶ್ ಮಾಡಿದಂತೆಲ್ಲ ಲೋಹ ಸವೆದು, ಅಂಚುಗಳು ಸಾಬೂನಿನ ತುಂಡಿನಂತೆ ದುಂಡಗಾಗುತ್ತವೆ. ಹೋದ ಲೋಹ ಮರಳಿ ಬಾರದು. ಚಿನ್ನದ್ದೆಂದು ಹೇಳಿದರೆ ಮುದ್ರೆ ನೋಡಿ. 18 ಕ್ಯಾರೆಟ್ಟಿಗೆ 750 ಎಂಬ ಅಂಕ ಇರುತ್ತದೆ. ‘20 ಮೈಕ್ರಾನ್’ ಎಂದು ಬರೆದಿದ್ದರೆ ಅದು ಚಿನ್ನದ ಲೇಪ, ನಮ್ಮ ಹಿರಿಯರ ಮಾತಿನಲ್ಲಿ ಗಿಲೀಟು. ಗಿಲೀಟಿನ ಗಡಿಯಾರ ಕೊಳ್ಳಬಾರದೆಂದೇನಿಲ್ಲ. ಗಿಲೀಟಿನ ಬೆಲೆಗೆ ಕೊಳ್ಳಬೇಕು.

ಯಾವುದು ದೋಷವಲ್ಲ ಎಂಬುದನ್ನೂ ತಿಳಿದಿರಬೇಕು. ಗಾಜು, ಚರ್ಮದ ಪಟ್ಟಿ, ಒಳಗಿನ ಸ್ಪ್ರಿಂಗು ಸವೆಯುವ ವಸ್ತುಗಳು. ಅವನ್ನು ಬದಲಿಸಿದ್ದರೆ ಚಿಂತೆಯಿಲ್ಲ. ಕೀ ಕೊಡುವ ತಿರುಗಣೆಯೂ ಹೆಚ್ಚುಕಡಿಮೆ ಹಾಗೆಯೇ.

ಇನ್ನು ನಡಿಗೆ. ಪೂರ್ತಿ ಕೀ ಕೊಟ್ಟ ಮೇಲೆ ಒಂದು ಹಗಲು ಒಂದು ರಾತ್ರಿ ದಾಟಿ ಅದು ನಡೆಯಬೇಕು. ರಿಪೇರಿಯವರ ಬಳಿ ಗಡಿಯಾರದ ಸದ್ದು ಕೇಳಿ ನಡಿಗೆ ಅಳೆಯುವ ಯಂತ್ರವಿರುತ್ತದೆ. ಬ್ಯಾಲೆನ್ಸ್ ಚಕ್ರ ಎಷ್ಟು ಅಗಲಕ್ಕೆ ತೂಗುತ್ತಿದೆ ಎಂಬುದನ್ನೂ ಅದು ತೋರಿಸುತ್ತದೆ. ಪೂರ್ತಿ ಕೀ ಇದ್ದಾಗ ಸುಮಾರು 270ರಿಂದ 310 ಡಿಗ್ರಿ ಇದ್ದರೆ ಆರೋಗ್ಯ ಚೆನ್ನಾಗಿದೆ; 200ಕ್ಕೆ ಇಳಿದಿದ್ದರೆ ಎಣ್ಣೆ ಒಣಗಿರಬಹುದು, ಯಂತ್ರ ಸವೆದಿರಬಹುದು. ಬೆಲೆ ಲೆಕ್ಕ ಹಾಕುವಾಗ ಬಿಚ್ಚಿ ತೊಳೆದು ಎಣ್ಣೆ ಹಾಕಿಸುವ ಖರ್ಚನ್ನೂ ಕೂಡಿಸಿಕೊಳ್ಳಿ. ಕೊಂಡ ಮೇಲೆ ಮುಂಬಯಿಯ ಮಳೆಗಾಲದಲ್ಲಿ ಅದನ್ನು ಕಟ್ಟಿಕೊಂಡು ಲೋಕಲ್ ರೈಲು ಹತ್ತಬೇಡಿ. ನೀರೂ ಬೆವರೂ ಅದರ ಶತ್ರುಗಳು.

ಇತ್ತೀಚಿನ ಮಾದರಿಯ ಗಡಿಯಾರವಾದರೆ ಡಬ್ಬಿ, ಕಾರ್ಡು, ಮೊದಲ ಬಿಲ್ಲು ಕೇಳಿ. ಕಾರ್ಡಿನ ಸಂಖ್ಯೆಯೂ ಗಡಿಯಾರದ ಸಂಖ್ಯೆಯೂ ಒಂದೇ ಆಗಿರಬೇಕು. ಡಬ್ಬಿ ಒಂದೇ ಸಾಕ್ಷಿಯಲ್ಲ, ಡಬ್ಬಿಯನ್ನೂ ಬೇರೆಯಾಗಿ ಮಾರುತ್ತಾರೆ. ಹೊರದೇಶದಿಂದ ತಂದದ್ದಾದರೆ ಸುಂಕ ಕಟ್ಟಿದ ಕಾಗದವಿದೆಯೆ ಎಂದು ವಿಚಾರಿಸಿ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯಕೂಡದೆಂಬ ಕಾನೂನು 2017ರಲ್ಲಿ ಬಂದಿದೆ. ನಗದಾಗಿ ಕೊಟ್ಟರೆ ಇಷ್ಟು ಕಡಿಮೆ ಎನ್ನುವವನ ಮಾತಿಗೆ ಕಿವಿಗೊಡಬೇಡಿ. ಪರಸ್ಥಳದಲ್ಲಿರುವ ನಮಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಮಾರುವವರು ನಮ್ಮ ಊರಿನವರು, ನಮ್ಮ ಮಾತಿನವರು ಎಂದಾಗ ಬಿಲ್ಲು ಕೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ನಾನು ಹೇಳುವುದೇನೆಂದರೆ, ನಮ್ಮವರಾದರೆ ಮೊದಲು ಬಿಲ್ಲು ಕೇಳಿ. ಕಾಗದ ಸರಿಯಾಗಿದ್ದರೆ ಸ್ನೇಹವೂ ಉಳಿಯುತ್ತದೆ.

ಕೊನೆಯದಾಗಿ, ಕೊಳ್ಳುವವರಷ್ಟೇ ಮಾರುವವರೂ ಮೋಸಹೋಗುತ್ತಾರೆ. ಯಜಮಾನರು ತೀರಿಕೊಂಡ ಮನೆಯಲ್ಲಿ ಕಪಾಟಿನ ಮೂಲೆಯಿಂದ ಒಂದು ನಿಂತ ಗಡಿಯಾರ ಹೊರಬರುತ್ತದೆ. ‘ಹಾಳಾಗಿದೆ, ಚಿನ್ನದ ತೂಕಕ್ಕೆ ಕೊಡುತ್ತೇನೆ’ ಎನ್ನುವ ಮನುಷ್ಯನೂ ಬಾಗಿಲಿಗೆ ಬರುತ್ತಾನೆ. ತಾಯಂದಿರಲ್ಲಿ ನನ್ನ ವಿನಂತಿ: ಅವಸರಪಡಬೇಡಿ, ಪಾಲಿಶ್ ಮಾಡಿಸಬೇಡಿ, ಮುಖಕ್ಕೆ ಬಣ್ಣ ಹಾಕಿಸಬೇಡಿ. ಇಬ್ಬರು ಬಲ್ಲವರಿಗೆ ತೋರಿಸಿ. ಅದು ಸ್ವಿಸ್ ಗಡಿಯಾರವೇ ಆಗಬೇಕೆಂದಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಗಡಿಯಾರವಿದ್ದರೂ ಇದೇ ಮಾತು. ಆ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು; ಇದ್ದವನ್ನು ನಾವೇ ಕಾಪಾಡಬೇಕು. ಮಗನ ಮದುವೆಗೆಂದು ಪೇಟೆ ಸುತ್ತುವ ಮುಂಚೆ ಅಜ್ಜನ ಪೆಟ್ಟಿಗೆ ನೋಡಿ. ತೊಳೆದು ಎಣ್ಣೆ ಹಾಕಿಸಿದರೆ ನಡೆಯುವ ಗಡಿಯಾರ ಅಲ್ಲಿಯೇ ಇರಬಹುದು.

ಕೊಂಡರೂ ಸರಿ, ಮನೆಯದನ್ನೇ ಉಳಿಸಿಕೊಂಡರೂ ಸರಿ, ಒಂದು ಸಣ್ಣ ಕಾಗದ ಬರೆದು ಗಡಿಯಾರದ ಜೊತೆಗಿಡಿ. ಯಾರಿಂದ ಬಂತು, ಯಾವ ವರ್ಷ, ಎಷ್ಟು ಕೊಟ್ಟಿರಿ, ಯಾವಾಗ ಎಣ್ಣೆ ಹಾಕಿಸಿದಿರಿ, ಏನು ಬದಲಾಯಿಸಿದಿರಿ, ಇಷ್ಟು ಸಾಕು. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರಿಗೆ ಯಾವ ವ್ಯಾಪಾರಿಯೂ ಸುಳ್ಳು ಹೇಳಲಾರ. ಕಾಗದವನ್ನು ಕನ್ನಡದಲ್ಲಿಯೇ ಬರೆಯಿರಿ. ಮೊಮ್ಮಕ್ಕಳಿಗೆ ಅದನ್ನು ಓದುವಷ್ಟು ಕನ್ನಡವನ್ನೂ ಕಲಿಸಿಡಿ.