ಮನೆಯೇ ಗರಡಿ: ಬೊಜ್ಜು ಕರಗಿಸುವ ವ್ಯಾಯಾಮದಲ್ಲಿ ನಿಜವೆಷ್ಟು, ಭ್ರಮೆಯೆಷ್ಟು?



"21 ದಿನಗಳಲ್ಲಿ ಹೊಟ್ಟೆಯ ಬೊಜ್ಜು ಮಾಯ! ದಿನಕ್ಕೆ ನಾಲ್ಕೇ ನಿಮಿಷ! ಯಾವ ಉಪಕರಣವೂ ಬೇಡ!" ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿ ಇಂಥ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಕೆಲವರು ಅದನ್ನು ನೋಡಿ ನಕ್ಕು ಸುಮ್ಮನಾಗಿರಬಹುದು. ಕೆಲವರು ಅದೇ ದಿನ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಒಂದೇ ಉಸಿರಿಗೆ ನೂರು ಬಸ್ಕಿ ಹೊಡೆದು, ಮಾರನೆಯ ದಿನ ಕಾಲೇಜಿನ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದುಕೊಂಡಿರಬಹುದು. ಒಂದು ವಾರದಲ್ಲಿ ಉತ್ಸಾಹ ಇಳಿಯುತ್ತದೆ, ಬೊಜ್ಜು ಮಾತ್ರ ಇದ್ದಲ್ಲಿಯೇ ಇರುತ್ತದೆ. "ಇದು ನನ್ನಿಂದಾಗದು" ಎಂಬ ನಿರಾಶೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಇದು ನಗುವಿನ ವಿಷಯವಷ್ಟೇ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಬೆಳಗಿನ ಪಾಠದ ನಡುವೆ ತಲೆ ಸುತ್ತಿ ಬಿದ್ದಳು. ವಿಚಾರಿಸಿದಾಗ ತಿಳಿಯಿತು: ಗೆಳತಿಯರು "ದಪ್ಪಗಿದ್ದೀಯ" ಎಂದು ಆಡಿಕೊಂಡದ್ದಕ್ಕೆ ಆಕೆ ಎರಡು ವಾರಗಳಿಂದ ತಿಂಡಿ ಬಿಟ್ಟು, ರಾತ್ರಿ ಬರೀ ಮಜ್ಜಿಗೆ ಕುಡಿದು, ಅದರ ಮೇಲೆ ಮೊಬೈಲ್ ನೋಡಿಕೊಂಡು ಗಂಟೆಗಟ್ಟಲೆ ಕುಣಿಯುತ್ತಿದ್ದಳು. ಅವಳಲ್ಲಿ ಛಲಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಸರಿಯಾದ ತಿಳಿವಳಿಕೆಗೆ. ಆ ತಿಳಿವಳಿಕೆಯನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಮಾತುಕತೆಯ ಉದ್ದೇಶ.

ಮೊದಲಿಗೆ ಒಂದು ಸಂಗತಿ. ಮನೆಯಲ್ಲೇ, ಹೆಚ್ಚು ಸಾಮಗ್ರಿಯಿಲ್ಲದೆ ಅಂಗಸಾಧನೆ ಮಾಡುವುದು ಮೊಬೈಲ್ ಯುಗದ ಆವಿಷ್ಕಾರವೇನಲ್ಲ. ನಮ್ಮ ಗರಡಿ ಮನೆಗಳಲ್ಲಿ ಪೈಲ್ವಾನರು ಮೈ ಹುರಿಗೊಳಿಸಿಕೊಂಡದ್ದು ಮುಖ್ಯವಾಗಿ ದಂಡ ಮತ್ತು ಬಸ್ಕಿಗಳಿಂದ. ಇವೆರಡಕ್ಕೂ ಬೇಕಾದದ್ದು ನೆಲ ಮತ್ತು ಸ್ವಂತ ದೇಹದ ಭಾರ ಮಾತ್ರ. ಬಸ್ಕಿಯನ್ನು ಶಾಲೆಯಲ್ಲಿ ಶಿಕ್ಷೆಯಾಗಿ ಕಂಡಿದ್ದರಿಂದ ನಾವು ಅದರ ಬೆಲೆ ಮರೆತಿದ್ದೇವೆ, ಅಷ್ಟೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಪ್ರೊ. ಕೆ. ವಿ. ಅಯ್ಯರ್ ಅವರನ್ನು ನೀವು 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಲೇಖಕರೆಂದು ಬಲ್ಲಿರಿ. ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠಗಳನ್ನು ಕಳುಹಿಸುತ್ತಿದ್ದರು. ದೂರದ ಊರಿನವರು ಆ ಪಾಠಗಳನ್ನು ನೋಡಿ ತಮ್ಮ ಮನೆಯಲ್ಲಿಯೇ ಅಭ್ಯಾಸ ಮಾಡಬಹುದಿತ್ತು. ಅಂದರೆ ದೂರದಿಂದ ಕಲಿತು ಮನೆಯಲ್ಲಿ ಸಾಧಿಸುವ ಕ್ರಮಕ್ಕೆ ನಮ್ಮಲ್ಲೇ ಒಂದು ಪರಂಪರೆಯಿದೆ.

ಹಾಗಾದರೆ ಬೊಜ್ಜು ಎಂದರೇನು? ನಾವು ತಿಂದ ಆಹಾರದಿಂದ ದೊರೆತು, ಬಳಕೆಯಾಗದೆ ಉಳಿದ ಶಕ್ತಿಯನ್ನು ದೇಹವು ಕೊಬ್ಬಿನ ರೂಪದಲ್ಲಿ ಕೂಡಿಡುತ್ತದೆ. ಇದು ಕೆಟ್ಟದ್ದಲ್ಲ, ಕಷ್ಟಕಾಲದ ಉಳಿತಾಯ ಖಾತೆ ಇದ್ದಂತೆ. ಉಳಿತಾಯ ಅಗತ್ಯಕ್ಕಿಂತ ಹೆಚ್ಚಾದಾಗ ತೊಂದರೆ ಆರಂಭವಾಗುತ್ತದೆ. 1 ಗ್ರಾಂ ಸಕ್ಕರೆ ಅಥವಾ ಪಿಷ್ಟದಲ್ಲಿ ಸುಮಾರು 4 ಕ್ಯಾಲೊರಿ ಇದ್ದರೆ, 1 ಗ್ರಾಂ ಎಣ್ಣೆ ಅಥವಾ ತುಪ್ಪದಲ್ಲಿ ಸುಮಾರು 9 ಕ್ಯಾಲೊರಿ ಇರುತ್ತದೆ. ನಮ್ಮ ಮೈಯ 1 ಕಿಲೋಗ್ರಾಂ ಕೊಬ್ಬಿನ ಅಂಗಾಂಶದಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ನಿಮ್ಮ ಗೆಳೆಯರಿಗೆ ಕೇಳಿ ನೋಡಿ. "ಬೆವರಾಗಿ ಹೋಗುತ್ತದೆ" ಎನ್ನುವವರೇ ಹೆಚ್ಚು. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಇಬ್ಬರು 2014ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. 10 ಕಿಲೋಗ್ರಾಂ ಕೊಬ್ಬು ಪೂರ್ಣವಾಗಿ ದಹಿಸಿದರೆ ಅದರಲ್ಲಿ 8.4 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೇ ಹೊರಹೋಗುತ್ತದೆ. ಉಳಿದ 1.6 ಕಿಲೋಗ್ರಾಂ ಮಾತ್ರ ನೀರಾಗುತ್ತದೆ. ಹಾಗೆಂದು ಸುಮ್ಮನೆ ಕುಳಿತು ಜೋರಾಗಿ ಉಸಿರಾಡಿದರೆ ಕೊಬ್ಬು ಕರಗದು. ಸ್ನಾಯುಗಳು ದುಡಿದು ಶಕ್ತಿಯನ್ನು ಬೇಡಿದಾಗ ಮಾತ್ರ ಈ ದಹನ ಹೆಚ್ಚುತ್ತದೆ. ದಪ್ಪನೆಯ ಮಳೆ ಅಂಗಿ ತೊಟ್ಟು ಓಡಿ ಬೆವರು ಸುರಿಸಿದವರ ತೂಕ ಒಂದು ಕಿಲೋ ಇಳಿದಂತೆ ಕಾಣಬಹುದು. ಆದರೆ ಅದು ನೀರಿನ ತೂಕ. ಎರಡು ಚೊಂಬು ನೀರು ಕುಡಿದೊಡನೆ ಅದು ಮರಳಿ ಬರುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 60 ಕಿಲೋ ತೂಕದ ವ್ಯಕ್ತಿ ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ. ಅದೇ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರೂ 30 ಕ್ಯಾಲೊರಿ ಖರ್ಚಾಗುತ್ತಿತ್ತು. ಆದ್ದರಿಂದ ನಡಿಗೆಯಿಂದ ಆದ ಹೆಚ್ಚಿನ ಖರ್ಚು 90 ಕ್ಯಾಲೊರಿ. 7,700ನ್ನು 90ರಿಂದ ಭಾಗಿಸಿ. ಊಟದಲ್ಲಿ ಏನನ್ನೂ ಬದಲಿಸದೆ, ಬರೀ ಈ ನಡಿಗೆಯಿಂದ ಒಂದು ಕಿಲೋ ಕೊಬ್ಬು ಕರಗಲು ಸುಮಾರು 85 ದಿನ ಬೇಕು! 21 ದಿನಗಳ ಪವಾಡದ ಮಾತು ಎಷ್ಟು ಟೊಳ್ಳು ಎಂಬುದು ಇದರಿಂದ ತಿಳಿಯುತ್ತದೆ. ಮೊದಲ ವಾರದಲ್ಲಿ ಕೆಲವರ ತೂಕ ಬೇಗ ಇಳಿಯುವುದುಂಟು. ಅದರಲ್ಲಿ ಹೆಚ್ಚಿನ ಪಾಲು ದೇಹದಲ್ಲಿ ಕೂಡಿಟ್ಟ ಪಿಷ್ಟ ಮತ್ತು ಅದರೊಡನೆ ಸೇರಿದ ನೀರಿನದು.

ಈಗ ತಟ್ಟೆಯ ಕಡೆಗೆ ನೋಡಿ. ದಿನಕ್ಕೆ ಮೂರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳೋಣ. ಒಟ್ಟು 6 ಚಮಚ, ಅಂದರೆ ಸುಮಾರು 30 ಗ್ರಾಂ, ಅಂದರೆ 120 ಕ್ಯಾಲೊರಿ. ಅರ್ಧ ಗಂಟೆಯ ನಡಿಗೆಯ ಗಳಿಕೆಯನ್ನು ಕಾಫಿಯ ಸಕ್ಕರೆಯೊಂದೇ ನುಂಗಿಹಾಕಬಲ್ಲದು. ಆದ್ದರಿಂದ ಬೊಜ್ಜು ಇಳಿಸುವ ಕೆಲಸದಲ್ಲಿ ಊಟದ ಪಾತ್ರ ದೊಡ್ಡದು. ಹಾಗಾದರೆ ವ್ಯಾಯಾಮ ವ್ಯರ್ಥವೇ? ಖಂಡಿತ ಅಲ್ಲ. ಬರೀ ಊಟ ಕಡಿಮೆ ಮಾಡಿದವರ ಮೈಯಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಸ್ನಾಯುವನ್ನು ಉಳಿಸಿಕೊಳ್ಳಲು, ಇಳಿದ ತೂಕ ಮತ್ತೆ ಏರದಂತೆ ಕಾಯಲು, ಹೃದಯ, ಮೂಳೆ, ನಿದ್ರೆ ಮತ್ತು ಮನಸ್ಸಿನ ಲವಲವಿಕೆಗೆ ವ್ಯಾಯಾಮ ಬೇಕೇ ಬೇಕು.

ಇನ್ನೊಂದು ಭ್ರಮೆಯನ್ನು ಇಲ್ಲಿಯೇ ಕಳೆದುಬಿಡೋಣ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು, ತೋಳಿನ ವ್ಯಾಯಾಮ ಮಾಡಿದರೆ ತೋಳಿನ ಕೊಬ್ಬು ಕರಗುವುದೆಂದು ಬಹಳ ಮಂದಿ ನಂಬುತ್ತಾರೆ. ಟೆನಿಸ್ ಆಟಗಾರರನ್ನು ನೆನಪಿಸಿಕೊಳ್ಳಿ. ಅವರ ಒಂದು ತೋಳು ವರ್ಷಗಟ್ಟಲೆ ದುಡಿದಿರುತ್ತದೆ, ಮತ್ತೊಂದು ಅಷ್ಟು ದುಡಿದಿರುವುದಿಲ್ಲ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಆಟಗಾರರ ಎರಡೂ ತೋಳುಗಳ ಚರ್ಮದಡಿಯ ಕೊಬ್ಬಿನ ದಪ್ಪವನ್ನು ಅಳೆದು ನೋಡಿದರು. ದುಡಿದ ತೋಳಿನ ಸುತ್ತಳತೆ ಹೆಚ್ಚಾಗಿತ್ತು, ಆದರೆ ಕೊಬ್ಬಿನ ದಪ್ಪದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕೆಂಬುದನ್ನು ನಿರ್ಧರಿಸುವುದು ದೇಹ, ನಾವಲ್ಲ.

"ನಾಲ್ಕು ನಿಮಿಷ" ಎಂಬ ಮಾತು ಎಲ್ಲಿಂದ ಬಂತು? ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 20 ಸೆಕೆಂಡು ಅತಿ ವೇಗದ ಶ್ರಮ, 10 ಸೆಕೆಂಡು ವಿಶ್ರಾಂತಿ, ಹೀಗೆ ಏಳೆಂಟು ಸುತ್ತು. ಆ ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ, ವ್ಯಾಯಾಮದ ಅಭ್ಯಾಸವಿದ್ದ ಯುವಕರಿಂದ, 6 ವಾರಗಳ ಕಾಲ. ಅಲ್ಲಿ ಪರೀಕ್ಷಿಸಿದ್ದು ಆಮ್ಲಜನಕವನ್ನು ಬಳಸುವ ಶಕ್ತಿ ಮತ್ತು ದಮ್ಮನ್ನೇ ಹೊರತು ಬೊಜ್ಜನ್ನಲ್ಲ. ಒಳ್ಳೆಯ ಪ್ರಯೋಗವೊಂದು ಜಾಹೀರಾತಿನ ಬಾಯಿಗೆ ಬಿದ್ದು ಬೇರೆಯದೇ ಅರ್ಥ ಪಡೆಯಿತು.

ಇನ್ನು ಮಾಡುವುದು ಹೇಗೆ ಎಂಬುದನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕು. ವಾರಕ್ಕೆ ಕನಿಷ್ಠ 3 ದಿನ ಮೂಳೆ, ಸ್ನಾಯುಗಳನ್ನು ಬಲಪಡಿಸುವ ಕೆಲಸವಿರಬೇಕು. 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಮತ್ತು ಕನಿಷ್ಠ 2 ದಿನ ಸ್ನಾಯುಬಲದ ಅಭ್ಯಾಸ ಬೇಕು. ಸೈಕಲ್ ತುಳಿದು ಶಾಲೆಗೆ ಹೋಗುವುದು, ಕಬಡ್ಡಿ, ಕೊಕ್ಕೊ, ನೀರು ಹೊರುವುದು, ಅಂಗಳ ಗುಡಿಸುವುದು ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಸಾಮಗ್ರಿ ಏನು ಬೇಕು? ಒಂದು ಚಾಪೆ, ಒಂದು ಸ್ಕಿಪ್ಪಿಂಗ್ ಹಗ್ಗ, ಪುಸ್ತಕ ತುಂಬಿದ ನಿಮ್ಮ ಶಾಲೆಯ ಚೀಲ. ಇಷ್ಟು ಸಾಕು. 1 ಲೀಟರ್ ನೀರಿನ ತೂಕ 1 ಕಿಲೋ ಎಂಬುದು ನಿಮಗೆ ಗೊತ್ತಿದೆ. ಆದ್ದರಿಂದ ನೀರು ತುಂಬಿದ ಎರಡು ಬಾಟಲಿಗಳೇ ನಿಮ್ಮ ಡಂಬೆಲ್.

ವಾರಕ್ಕೆ 3 ದಿನ, ಒಂದು ದಿನ ಬಿಟ್ಟು ಒಂದು ದಿನ, ಹೀಗೆ ಮಾಡಿ. ಮೊದಲು 5 ನಿಮಿಷ ನಿಂತಲ್ಲೇ ನಡೆದು, ಭುಜ, ಸೊಂಟ, ಮಂಡಿಗಳನ್ನು ಸಡಿಲಿಸಿಕೊಳ್ಳಿ. ಅನಂತರ 10 ಬಸ್ಕಿ. ಕಷ್ಟವಾದರೆ ಕುರ್ಚಿಯ ಮೇಲೆ ಕುಳಿತು ಏಳಿ. ಆಮೇಲೆ 8 ದಂಡ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈಯೂರಿ ಮಾಡಿ. ಕೆಲವು ವಾರಗಳ ಮೇಲೆ ಮೆಟ್ಟಿಲಿಗೆ ಕೈಯೂರಿ, ಕೊನೆಗೆ ನೆಲಕ್ಕೆ ಬನ್ನಿ. ಮೂರನೆಯದಾಗಿ, ಮುಂದಕ್ಕೆ ಬಾಗಿ, ಬೆನ್ನು ನೇರವಾಗಿಟ್ಟು, ಪುಸ್ತಕದ ಚೀಲವನ್ನು ಹೊಟ್ಟೆಯ ಕಡೆಗೆ 10 ಬಾರಿ ಎಳೆದುಕೊಳ್ಳಿ. ನಾಲ್ಕನೆಯದಾಗಿ, ಅಂಗಾತ ಮಲಗಿ ಪಾದಗಳನ್ನು ಊರಿ ಸೊಂಟವನ್ನು 10 ಬಾರಿ ಎತ್ತಿ ಇಳಿಸಿ. ಕೊನೆಗೆ ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ 20 ಸೆಕೆಂಡು ನಿಲ್ಲಿಸಿ. ಇದು ಒಂದು ಸುತ್ತು. ಒಂದು ನಿಮಿಷ ಸುಧಾರಿಸಿಕೊಂಡು ಮತ್ತೊಂದು ಸುತ್ತು. ಮೊದಲೆರಡು ವಾರ 2 ಸುತ್ತು, ಆಮೇಲೆ 3 ಸುತ್ತು. ಸುಲಭವೆನಿಸಿದಾಗ ಪ್ರತಿಯೊಂದಕ್ಕೂ ಎರಡೆರಡು ಎಣಿಕೆ ಸೇರಿಸುತ್ತಾ ಹೋಗಿ.

ಉಳಿದ ದಿನಗಳಲ್ಲಿ ಬಿರುಸಿನ ನಡಿಗೆ, ಸೈಕಲ್, ಆಟ ಅಥವಾ ಸ್ಕಿಪ್ಪಿಂಗ್ ಇರಲಿ. ಸ್ಕಿಪ್ಪಿಂಗ್ ಮೊದಲಿಗೆ 30 ಸೆಕೆಂಡು ಆಡಿ, 30 ಸೆಕೆಂಡು ನಿಲ್ಲಿ. ಶ್ರಮ ಸಾಕೋ ಬೇಕೋ ಎಂದು ತಿಳಿಯಲು ಯಂತ್ರ ಬೇಡ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಅದೇ ಸಾಧಾರಣ ಶ್ರಮದ ಗುರುತು.

ಕೆಲವು ಎಚ್ಚರಿಕೆಯ ಮಾತುಗಳು. ಎದೆನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಕಂಡರೆ ತಕ್ಷಣ ನಿಲ್ಲಿಸಿ. ಅಸ್ತಮಾ, ಹೃದಯದ ತೊಂದರೆ ಮೊದಲಾದವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಸಹಜ. 18ರೊಳಗಿನವರ ತೂಕವನ್ನು ವಯಸ್ಸು, ಎತ್ತರಗಳೊಡನೆ ಹೋಲಿಸಿ ನೋಡಬೇಕೇ ಹೊರತು ದೊಡ್ಡವರ ಅಳತೆಗೋಲಿನಿಂದಲ್ಲ. ನಿಮಗೆ ಬೊಜ್ಜಿದೆಯೇ ಎಂಬುದನ್ನು ವೈದ್ಯರು ಹೇಳಲಿ, ಆಡಿಕೊಳ್ಳುವವರಲ್ಲ. ತೂಕ ಇಳಿಸುವ ಮಾತ್ರೆ, ಪುಡಿಗಳನ್ನು ಯಾರ ಮಾತು ಕೇಳಿಯೂ ನುಂಗಬೇಡಿ. ಊಟ ಬಿಡಬೇಡಿ. ಮುದ್ದೆಯೋ ಅನ್ನವೋ ಹಿತಮಿತವಾಗಿರಲಿ. ಸೊಪ್ಪು, ತರಕಾರಿ, ಮೊಳಕೆ ಬಂದ ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ ಇವು ತಟ್ಟೆಯಲ್ಲಿ ಹೆಚ್ಚಲಿ. ಕರಿದ ತಿಂಡಿ, ಸಿಹಿ ಪಾನೀಯ ಕಡಿಮೆಯಾಗಲಿ. ರಾತ್ರಿ ಬೇಗ ಮಲಗಿ.

ಮಿತ್ರರೇ, ಯಾವ ಕಾರ್ಯಕ್ರಮ ಒಳ್ಳೆಯದು ಎಂದು ನೀವು ಕೇಳಬಹುದು. ನಿಮ್ಮ ಪರೀಕ್ಷೆಯ ವಾರದಲ್ಲೂ, ಮನೆಗೆ ನೆಂಟರು ಬಂದಾಗಲೂ, ಮಳೆ ಸುರಿಯುವಾಗಲೂ ಬಿಡದೆ ಮಾಡಬಲ್ಲ ಕಾರ್ಯಕ್ರಮವೇ ಒಳ್ಳೆಯದು. 20 ನಿಮಿಷ ಆಗದ ದಿನ 5 ನಿಮಿಷ ಮಾಡಿ. ತೂಕದ ಯಂತ್ರವನ್ನು ದಿನವೂ ಹತ್ತಬೇಡಿ. ಬದಲಿಗೆ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಇಂದು ಎಷ್ಟು ಬಸ್ಕಿ, ಎಷ್ಟು ದಂಡ, ಮೆಟ್ಟಿಲು ಹತ್ತಿದಾಗ ಏದುಸಿರು ಎಷ್ಟು. ಮೂರು ತಿಂಗಳ ನಂತರ ಆ ಪುಟಗಳನ್ನು ತಿರುವಿ ನೋಡಿ.

ನಾನು ಮೊದಲು ಹೇಳಿದ ವಿದ್ಯಾರ್ಥಿನಿಯೂ ಹೀಗೆಯೇ ಮಾಡಿದಳು. ತಿಂಡಿ ತಿನ್ನತೊಡಗಿದಳು, ಗೋಡೆಗೆ ಕೈಯೂರಿ ದಂಡ ಆರಂಭಿಸಿದಳು. ವರ್ಷದ ಕೊನೆಗೆ ನೆಲದ ಮೇಲೆ 12 ದಂಡ ಹೊಡೆಯುತ್ತೇನೆ ಎಂದು ಬಂದು ಹೇಳಿದಳು. ತೂಕ ಎಷ್ಟು ಇಳಿಯಿತೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಂದು ಸಂಜೆ ಚಾಪೆ ಹಾಸಿ, 10 ಬಸ್ಕಿಯಿಂದ ಆರಂಭಿಸಿ.