ಹಳೆಯ ಲಾರಿಯ ಹೀಟರ್ ತಣ್ಣಗಾದರೆ

ಹಾಸನದ ಸೀಮೆಯಿಂದ ತರಕಾರಿ ತುಂಬಿಕೊಂಡು, ಸಕಲೇಶಪುರ ದಾಟಿ, ಬೆಳಗಿನ ಜಾವಕ್ಕೆ ಶಿರಾಡಿ ಘಾಟಿಯಿಳಿದು ಮಂಗಳೂರಿಗೆ ಹೋಗುವವರು ನಮ್ಮಲ್ಲಿ ಇದ್ದಾರೆ. ಆ ದಾರಿಯ ಮಂಜು ಎಂಥದೆಂದು ಅವರಿಗೆ ನಾನು ಹೇಳಬೇಕಿಲ್ಲ. ಹೊರಗಿನ ಮಂಜು ಸಾಲದೆಂದು, ಒಳಗೆ ಕೂತವರ ಉಸಿರಿನ ಆವಿಯೂ ಗಾಜಿಗೆ ಹತ್ತಿದರೆ ಎದುರಿನ ತಿರುವೇ ಕಾಣದು. ಹೀಟರ್ ಇರುವ ಗಾಡಿಗಳಲ್ಲಿ ಅದರ ಬಿಸಿಗಾಳಿ ಈ ಆವಿಯನ್ನು ಆರಿಸುತ್ತದೆ. ಹಾಗಾಗಿ ಹೀಟರೆಂದರೆ ಬರೀ ಸುಖಕ್ಕೆ ಅಂತ ತಿಳಿಯಬೇಡಿ.

ಹೋದ ಮಾಗಿಯಲ್ಲಿ ಪರಿಚಯದ ರೈತರೊಬ್ಬರು ಬಂದು, "ಸ್ವಾಮಿ, ಗಾಳಿ ಜೋರಾಗೇ ಬರ್ತದೆ, ಬಿಸಿ ಮಾತ್ರ ಇಲ್ಲ" ಅಂದರು. ಅಷ್ಟರಲ್ಲಾಗಲೇ ಫ್ಯಾನಿನ ಮೋಟಾರು ಬದಲಾಯಿಸಿ ದುಡ್ಡು ಕಳೆದುಕೊಂಡಿದ್ದರು. ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆವು. ನೀರು ಕಣ್ಣಿಗೇ ಬೀಳಲಿಲ್ಲ! ಪೈಪಿನ ಕ್ಲಿಪ್ಪು ಸಡಿಲವಾಗಿ ತೊಟ್ಟಿಕ್ಕುತ್ತಿತ್ತು. ಹಾಗೇ ಓಡಿಸಿದ್ದರೆ ಎಂಜಿನ್ನೇ ಕೆಡುತ್ತಿತ್ತು.

ಇದರ ಮರ್ಮ ಇಷ್ಟೇ. ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನಿನ ಬಿಸಿನೀರೇ ಎರಡು ಪೈಪುಗಳಲ್ಲಿ ಕ್ಯಾಬಿನ್ನಿನೊಳಗಿನ ಪುಟ್ಟ ರೇಡಿಯೇಟರಿಗೆ ಹೋಗಿ ಬರುತ್ತದೆ. ಅದರ ಮೇಲೆ ಫ್ಯಾನು ಗಾಳಿ ಬೀಸುತ್ತದೆ. ಎಂಜಿನ್ನಿನ ನೀರು ಕಡಿಮೆಯಾದರೆ ಹೀಟರ್ ತಣ್ಣಗಾಗಿ ಮೊದಲೇ ಸುಳಿವು ಕೊಡುವುದುಂಟು.

ಈಗ ಪರೀಕ್ಷೆಯ ಕ್ರಮ ಕೇಳಿ. ಮೊದಲು, ಎಂಜಿನ್ ಪೂರ್ತಿ ತಣ್ಣಗಿರುವಾಗ ನೀರು ನೋಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಲೇಬಾರದು. ಒಳಗಿನ ಒತ್ತಡಕ್ಕೆ ಕುದಿನೀರು ಚಿಮ್ಮಿ ಮುಖ ಸುಟ್ಟೀತು. ನೀರು ಕಡಿಮೆಯಿದ್ದರೆ ತುಂಬಿ, ಸೋರಿಕೆ ಹುಡುಕಿ. ಕೊಳವೆಬಾವಿಯ ಗಡಸು ನೀರು ಹಾಕಬೇಡಿ, ಅದರ ಸುಣ್ಣ ಒಳಗೆ ಕಟ್ಟುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ.

ಎರಡನೆಯದು, ಥರ್ಮೋಸ್ಟಾಟು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಇದು. ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ. ತೆರೆದೇ ನಿಂತರೆ ಎಂಜಿನ್ ಕಾಯುವುದೇ ಇಲ್ಲ. ಬೆಳಿಗ್ಗೆ ಚಾಲೂ ಮಾಡಿ, ಎರಡು ನಿಮಿಷದ ಮೇಲೆ ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮೇಲಿನ ಪೈಪು ಮುಟ್ಟಿ. ಆಗಲೇ ಬೆಚ್ಚಗಿದ್ದರೆ ಬಾಗಿಲು ತೆರೆದೇ ಇದೆಯೆಂದು ಅನುಮಾನಿಸಿ. "ತೆಗೆದೇ ಬಿಡಿ" ಅನ್ನುವವರ ಮಾತು ಕೇಳಬೇಡಿ. ತಣ್ಣಗಿನ ಎಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಆಯಿಲಿಗೆ ಸೇರಿ, ಸಿಲಿಂಡರ್ ಸವೆಯುತ್ತದೆ.

ಮೂರನೆಯದು, ಎಂಜಿನ್ ಕಾದ ಮೇಲೆ ಅದನ್ನು ನಿಲ್ಲಿಸಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಹೀಟರಿನ ಎರಡೂ ಪೈಪು ಜಾಗ್ರತೆಯಿಂದ ಮುಟ್ಟಿ. ಎರಡೂ ಬಿಸಿಯಿದ್ದರೆ ನೀರು ಬರುತ್ತಿದೆ. ದೋಷ ಗಾಳಿಯ ಬಾಗಿಲಲ್ಲೋ ಫ್ಯಾನಿನಲ್ಲೋ ಇದೆ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಒಳಗಿನ ರೇಡಿಯೇಟರ್ ಕಟ್ಟಿದೆ, ಇಲ್ಲವೇ ಹೀಟರಿನ ನಲ್ಲಿ ಮುಚ್ಚಿದೆ. ಎರಡೂ ಬೆಚ್ಚಗಷ್ಟೇ ಇದ್ದರೆ ಮತ್ತೆ ನೀರು, ಥರ್ಮೋಸ್ಟಾಟು ನೋಡಿ.

ಕಾಲಡಿಯ ಚಾಪೆ ಒದ್ದೆಯಾಗಿ, ಸಿಹಿಯಾದ ವಾಸನೆ ಬಂದು, ಗಾಜಿಗೆ ಜಿಡ್ಡು ಹತ್ತಿದರೆ ಒಳಗಿನ ರೇಡಿಯೇಟರ್ ಸೋರುತ್ತಿದೆ. ನೀರು ಹಾಕಿದಷ್ಟೂ ಇಂಗಿಹೋಗಿ, ಹೊಗೆ ಬೆಳ್ಳಗೆ ಬಂದರೆ ಗಾಡಿ ಓಡಿಸದೆ ಮೆಕಾನಿಕ್ಕಿಗೆ ತೋರಿಸಿ.

ಬೇಸಾಯಗಾರ ಎತ್ತಿನ ಮೈ ಮುಟ್ಟಿ ಜ್ವರ ತಿಳಿಯುತ್ತಾನೆ. ಗಾಡಿಯ ಕಾಯಿಲೆಯನ್ನೂ ಹಾಗೆಯೇ ಕೈಯಿಂದ ಮೊದಲು ತಿಳಿಯಿರಿ. ಆಮೇಲೆ ಚೀಲ ಬಿಚ್ಚಿ.